ಸಿಗ್ನಲ್‌ನಲ್ಲಿ ನಿಂತರೆ ಗಾಡಿ ನಡುಗುತ್ತದೆ. ಪ್ಲಗ್ ಬದಲಿಸಿ ಆಯಿತು, ಮುಂದೇನು?

ಬೂದುಸೆಡಾನ್ · ಶನಿವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆದರೆ ಬೈಯಬೇಡಿ.

ಏಳು ವರ್ಷದ ಪೆಟ್ರೋಲ್ ಗಾಡಿ. 1.5 ಲೀಟರ್, ನಾಲ್ಕು ಸಿಲಿಂಡರ್, ಆಟೊಮ್ಯಾಟಿಕ್. 84,000 ಕಿ.ಮೀ. ಓಡಿದೆ. ಓಡುವಾಗ ಒಂದು ಮಾತು ಹೇಳುವ ಹಾಗಿಲ್ಲ, ಪಿಕಪ್ ಚೆನ್ನಾಗಿದೆ. ಸಿಗ್ನಲ್‌ನಲ್ಲಿ ನಿಂತರೆ ಮಾತ್ರ ಚಳಿಜ್ವರ ಬಂದ ಹಾಗೆ ನಡುಗುತ್ತದೆ. ಸ್ಟೀರಿಂಗ್, ಸೀಟು, ಕನ್ನಡಿ ಎಲ್ಲ ಅದುರುತ್ತವೆ. ಆರ್‌ಪಿಎಂ ಮುಳ್ಳು 700ರಲ್ಲಿ ನಿಲ್ಲುವುದಿಲ್ಲ. 550ಕ್ಕೆ ಇಳಿಯುತ್ತದೆ, 850ಕ್ಕೆ ಹಾರುತ್ತದೆ. ಎರಡು ಸಲ ಬಂದ್ ಕೂಡ ಆಯಿತು. ಚೆಕ್ ಎಂಜಿನ್ ಲೈಟ್ ಬಂದಿಲ್ಲ.

ಇಲ್ಲಿವರೆಗೆ ನಾಲ್ಕು ಪ್ಲಗ್ ಹೊಸದು, ಏರ್ ಫಿಲ್ಟರ್ ಹೊಸದು, ಥ್ರಾಟಲ್ ಬಾಡಿ (ತಟ್ಟೆ ತೆರೆದು ಮುಚ್ಚಿ ಎಂಜಿನ್‌ಗೆ ಗಾಳಿ ಬಿಡುವ ಭಾಗ) ಕ್ಲೀನ್. ಕ್ಲೀನ್ ಮಾಡಿದವರು "ಕಂಪ್ಯೂಟರ್ ರೀಸೆಟ್ ಆಗಲಿ" ಅಂತ ಬ್ಯಾಟರಿ ಬಿಚ್ಚಿ ಹಾಕಿದರು. ಅಲ್ಲಿಂದ ಎರಡು ದಿನ ಐಡ್ಲಿಂಗ್ (ನಿಂತಲ್ಲೇ ಎಂಜಿನ್ ತಿರುಗುವ ವೇಗ) 1,200ರಲ್ಲಿ ಕೂತಿತ್ತು. ಆಮೇಲೆ ತಾನೇ ಇಳಿಯಿತು, ನಡುಕ ಮಾತ್ರ ಹೋಗಲಿಲ್ಲ. ಈಗ ಇಡೀ ಥ್ರಾಟಲ್ ಬಾಡಿಯನ್ನೇ ಬದಲಿಸಿ ಅನ್ನುತ್ತಿದ್ದಾರೆ. ಹಾಕಿಸಲಾ?

ಮೂರನೇಗೇರ್ · ಶನಿವಾರ, ರಾತ್ರಿ 10:05

ಕಾಯಿಲ್ ಗುರು, ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್. ನನ್ನದೂ ಹೀಗೇ ಇತ್ತು. ನಾಲ್ಕೂ ಕಾಯಿಲ್ ಬದಲಿಸಿದೆ, ಹೂವಿನ ಹಾಗೆ ಆಯಿತು.

ಹಳೇಸ್ಪ್ಯಾನರ್ · ಶನಿವಾರ, ರಾತ್ರಿ 10:31

ಮೂರನೇಗೇರ್, ನಿನ್ನ ಗಾಡಿಗೆ ಬಂದ ಜ್ವರ ಅವರ ಗಾಡಿಗೂ ಬಂದಿದೆ ಅಂತ ಯಾರು ಹೇಳಿದರು?

ಬೂದುಸೆಡಾನ್ ತಮ್ಮಾ, ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳೋಣ. ನಡುಗುತ್ತಿರುವುದು ಎಂಜಿನ್ನೋ, ಬರೀ ಬಾಡಿಯೋ? ಎಂಜಿನ್ ಕೂರುವ ರಬ್ಬರ್ ಮೌಂಟ್ ಕುಸಿದಿದ್ದರೂ ಸೀಟು ಹೀಗೇ ಅದುರುತ್ತದೆ. ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಹಾಕಿ, ಒಬ್ಬರನ್ನು ಬ್ರೇಕ್ ಮೇಲೆ ಕೂರಿಸಿ. ನ್ಯೂಟ್ರಲ್‌ನಲ್ಲಿ ನೋಡಿ, ಆಮೇಲೆ ಡ್ರೈವ್‌ಗೆ ಹಾಕಿಸಿ ಪಕ್ಕದಿಂದ ನೋಡಿ, ಗಾಡಿಯ ಮುಂದೆ ನಿಲ್ಲಬೇಡಿ. ಮುಳ್ಳು ಅಲ್ಲಾಡದೆ ನಿಂತಿದ್ದು, ಡ್ರೈವ್‌ಗೆ ಹಾಕಿದಾಗ ಮಾತ್ರ ಒಳಗೆ ಅದುರಿದರೆ ಮೌಂಟ್ ಮೇಲೆ ಅನುಮಾನ ಪಡಿ. ಮುಳ್ಳೇ ಕುಣಿಯುತ್ತಿದ್ದರೆ ಮೌಂಟ್ ಪಾಪ, ಅದರ ತಪ್ಪಿಲ್ಲ.

ಥ್ರಾಟಲ್ ಬಾಡಿ ಸದ್ಯಕ್ಕೆ ಬೇಡ. ಕ್ಲೀನ್ ಮಾಡಿದ ಮೇಲೆ 1,200ಕ್ಕೆ ಏರಿದ್ದು ಕಾಯಿಲೆ ಅಲ್ಲ. ಮಸಿ ಕಟ್ಟಿದ್ದಾಗ ಕಂಪ್ಯೂಟರ್ ತಟ್ಟೆಯನ್ನು ಸ್ವಲ್ಪ ಜಾಸ್ತಿ ತೆರೆದು ಗಾಳಿ ಸರಿದೂಗಿಸುವುದನ್ನು ಕಲಿತಿತ್ತು. ಮಸಿ ಹೋಯಿತು, ಗಾಳಿ ಜಾಸ್ತಿ ಆಯಿತು. ಹೊಸ ಅಳತೆ ಕಲಿಯುವವರೆಗೆ ಹಾಗೆ ಇರುತ್ತದೆ. ಎರಡು ದಿನದಲ್ಲಿ ಇಳಿದಿದೆ ಅಂದರೆ ಥ್ರಾಟಲ್ ಹೇಳಿದ ಮಾತು ಕೇಳುತ್ತಿದೆ ಅಂತ ಅರ್ಥ.

ಬೂದುಸೆಡಾನ್ · ಭಾನುವಾರ, ಬೆಳಿಗ್ಗೆ 8:20

ಅಣ್ಣಾ, ಈಗ ನೋಡಿದೆ. ನ್ಯೂಟ್ರಲ್‌ನಲ್ಲೂ ಮುಳ್ಳು ಕುಣಿಯುತ್ತದೆ. ಎಂಜಿನ್ ಕಣ್ಣಿಗೇ ಕಾಣುವ ಹಾಗೆ ಒದರಾಡುತ್ತದೆ. 1,500ಕ್ಕೆ ರೇಸ್ ಕೊಟ್ಟು ಹಿಡಿದರೆ ಏನೂ ಇಲ್ಲ, ಸುಮ್ಮನಾಗುತ್ತದೆ.

ಸ್ಕ್ಯಾನರ್‌ಅಕ್ಕ · ಭಾನುವಾರ, ಬೆಳಿಗ್ಗೆ 9:02

ಲೈಟ್ ಬಂದಿಲ್ಲ ಅಂದ ಮಾತ್ರಕ್ಕೆ ಕಂಪ್ಯೂಟರಿನ ಹತ್ತಿರ ಮಾಹಿತಿ ಇಲ್ಲ ಅಂತಲ್ಲ. ಗಾಡಿಯ ಕಂಪ್ಯೂಟರಿಗೆ ಚುಚ್ಚುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಒಂದು ಸಾಲ ತನ್ನಿ, ಫೋನಿನಲ್ಲೇ ಓದಬಹುದು. ದಯವಿಟ್ಟು ಮತ್ತೆ ಬ್ಯಾಟರಿ ಬಿಚ್ಚಬೇಡಿ. ಬಿಚ್ಚಿದರೆ ಕಾಯ್ದಿಟ್ಟ ಕೋಡು, ಕಲಿತ ಟ್ರಿಮ್ ಎಲ್ಲ ಅಳಿಸಿಹೋಗುತ್ತವೆ. ಕಳ್ಳತನ ಆದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಒರೆಸಿದ ಹಾಗೆ.

ನನಗೆ ಬೇಕಾಗಿರುವುದು ಇಷ್ಟು. ಪೆಂಡಿಂಗ್ ಕೋಡ್ (ಇನ್ನೂ ಲೈಟ್ ಹಚ್ಚದ ದೋಷದ ಸಂಖ್ಯೆ) ಏನಾದರೂ ಇದೆಯಾ? ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ಎಷ್ಟು? ಒಂದು ಸಲ ಐಡ್ಲಿಂಗ್‌ನಲ್ಲಿ ನೋಡಿ, ಇನ್ನೊಂದು ಸಲ 2,500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು ನೋಡಿ. ಸಿಲಿಂಡರ್‌ವಾರು ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಸುಡದೆ ತಪ್ಪಿದ್ದು) ಲೆಕ್ಕ ನಿಮ್ಮ ಆ್ಯಪ್ ತೋರಿಸಿದರೆ ಅದೂ ಹಾಕಿ.

ಟ್ರಿಮ್ ಅಂದರೆ ಏನು ಅಂತ ಕೇಳುವವರಿಗೆ: ಒಳಗೆ ಬಂದ ಗಾಳಿಯನ್ನು ಅಳೆದು ಕಂಪ್ಯೂಟರ್ ಪೆಟ್ರೋಲ್ ಹಾಕುತ್ತದೆ. ಸೈಲೆನ್ಸರ್ ಕಡೆ ಇರುವ ಆಕ್ಸಿಜನ್ ಸೆನ್ಸರ್ "ಸಾಲಲಿಲ್ಲ" ಅಂದರೆ ಸೇರಿಸುತ್ತದೆ, "ಜಾಸ್ತಿ ಆಯಿತು" ಅಂದರೆ ಕಡಿಮೆ ಮಾಡುತ್ತದೆ. ಆ ಸೇರಿಸಿದ, ಕಳೆದ ಶೇಕಡಾವಾರು ಲೆಕ್ಕವೇ ಟ್ರಿಮ್. ಪ್ಲಸ್ ಇದ್ದರೆ ಸೇರಿಸುತ್ತಿದೆ, ಮೈನಸ್ ಇದ್ದರೆ ಕಳೆಯುತ್ತಿದೆ. ಎರಡೂ ಕೂಡಿಸಿ ಐದರ ಆಸುಪಾಸಿದ್ದರೆ ಚಿಂತೆ ಇಲ್ಲ, ಹತ್ತು ದಾಟಿದರೆ ಹುಡುಕಬೇಕು.

ಮೂರನೇಗೇರ್ · ಭಾನುವಾರ, ಬೆಳಿಗ್ಗೆ 9:15

ಅಕ್ಕಾ, ಅಷ್ಟೆಲ್ಲ ಯಾಕೆ? ಕಾಯಿಲ್ ಒಂದು ಸಲ ನೋಡೋದರಲ್ಲಿ ತಪ್ಪೇನು?

ಸ್ಕ್ಯಾನರ್‌ಅಕ್ಕ · ಭಾನುವಾರ, ಬೆಳಿಗ್ಗೆ 9:24

ನೋಡೋದರಲ್ಲಿ ತಪ್ಪಿಲ್ಲ, ಕೊಳ್ಳೋದರಲ್ಲಿ ಇದೆ. ಒಂದೇ ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ, ಉದಾಹರಣೆಗೆ ಪಿ0303 ಅಂದರೆ ಮೂರನೆಯದು, ಆ ಕಾಯಿಲನ್ನು ಒಂದನೆಯದಕ್ಕೆ ಹಾಕಿ, ಒಂದನೆಯದನ್ನು ಮೂರಕ್ಕೆ ಹಾಕಿ. ಮಿಸ್‌ಫೈರ್ ಕಾಯಿಲ್ ಹಿಂದೆ ಒಂದನೆಯದಕ್ಕೆ ಹೋದರೆ ಕಾಯಿಲೇ ಕಳ್ಳ. ಅಲ್ಲೇ ಉಳಿದರೆ ಪ್ಲಗ್ ಅದಲುಬದಲು ಮಾಡಿ. ಆಮೇಲೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ (ಸಿಲಿಂಡರಿನ ಒತ್ತಡ). ಇದಕ್ಕೆ ಒಂದು ಹೊಸ ಪಾರ್ಟೂ ಬೇಡ. ಪ್ಲಗ್ ಗುಂಡಿಯಲ್ಲಿ ಆಯಿಲ್ ತುಂಬಿದೆಯಾ ಅಂತಲೂ ನೋಡಿ, ವಾಲ್ವ್ ಕವರ್ ಸೀಲ್ ಸೋರಿದರೆ ಕಾಯಿಲ್ ಬೂಟ್ ಹಾಳಾಗುತ್ತದೆ.

ಇನ್ನೊಂದು ಮಾತು, ಯಾರಿಗಾದರೂ ಆಗಲಿ. ಚೆಕ್ ಲೈಟ್ ಸುಮ್ನೆ ಉರಿಯದೆ ಮಿಣುಕ್ ಮಿಣುಕ್ ಅಂತ ಹೊಡೆದುಕೊಳ್ಳುತ್ತಿದ್ದರೆ ಗಾಡಿ ಓಡಿಸಬೇಡಿ. ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಕನ್ವರ್ಟರ್ ಕರಗಿಹೋಗುತ್ತದೆ.

ಬೂದುಸೆಡಾನ್ · ಸೋಮವಾರ, ರಾತ್ರಿ 8:45

ಅಡಾಪ್ಟರ್ ಸಿಕ್ಕಿತು. ಪೆಂಡಿಂಗ್‌ನಲ್ಲಿ ಪಿ0300 ಇದೆ, ಯಾವ ಸಿಲಿಂಡರ್ ಅಂತ ಹೇಳದ ಮಿಸ್‌ಫೈರ್ ಅಂತೆ. ಐಡ್ಲಿಂಗ್‌ನಲ್ಲಿ ಶಾರ್ಟ್ +7, ಲಾಂಗ್ +14. ಅಕ್ಕ ಹೇಳಿದ ಹಾಗೆ 2,500ರಲ್ಲಿ ಹಿಡಿದಾಗ ಶಾರ್ಟ್ 0, ಲಾಂಗ್ +4. ಮಿಸ್‌ಫೈರ್ ಲೆಕ್ಕ 12, 9, 14, 11. ಹೆಚ್ಚುಕಡಿಮೆ ಎಲ್ಲರೂ ಸಮಾನ ಪಾಲುದಾರರು.

ಹಳೇಸ್ಪ್ಯಾನರ್ · ಸೋಮವಾರ, ರಾತ್ರಿ 9:10

ಆಯಿತು, ಕಾಯಿಲ್ ಕೇಸು ವಜಾ. ನಾಲ್ಕು ಕಾಯಿಲೂ ಒಂದೇ ದಿನ ಒಂದೇ ಅಳತೆಗೆ ಕೆಡುವುದಿಲ್ಲ. ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ.

ಸ್ಕ್ಯಾನರ್‌ಅಕ್ಕ · ಸೋಮವಾರ, ರಾತ್ರಿ 9:38

ಹೌದು. ಐಡ್ಲಿಂಗ್‌ನಲ್ಲಿ ಕೂಡಿಸಿ +21, ಮೇಲೆ ಹೋದರೆ +4. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೊಂದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ.

ಐಡ್ಲಿಂಗ್‌ನಲ್ಲಿ ಥ್ರಾಟಲ್ ತಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಎಂಜಿನ್ ಎಳೆಯುತ್ತಿರುತ್ತದೆ, ಗಾಳಿ ಬರುವ ದಾರಿ ಇಲ್ಲ. ಹೊರಗೆ ಸುಮಾರು 100 ಕಿಲೋಪ್ಯಾಸ್ಕಲ್ ಒತ್ತಡ ಇದ್ದರೆ ಮ್ಯಾನಿಫೋಲ್ಡ್ (ಥ್ರಾಟಲ್‌ನಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒಳಗೆ 30ರಿಂದ 40 ಅಷ್ಟೇ. ಎಲ್ಲಾದರೂ ಸಣ್ಣ ತೂತಿದ್ದರೆ ಗಾಳಿ ಜೋರಾಗಿ ನುಗ್ಗುತ್ತದೆ. ಆ ಗಾಳಿ, ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ದಾಟಿ ಬಂದಿಲ್ಲ, ಲೆಕ್ಕಕ್ಕಿಲ್ಲ, ಅದಕ್ಕೆ ತಕ್ಕ ಪೆಟ್ರೋಲೂ ಇಲ್ಲ. ಐಡ್ಲಿಂಗ್‌ನಲ್ಲಿ ಎಂಜಿನ್ ಕುಡಿಯುವ ಗಾಳಿಯೇ ಕಡಿಮೆ, ನಿಮ್ಮ 1.5 ಲೀಟರಿಗೆ ಸೆಕೆಂಡಿಗೆ ಎರಡು ಗ್ರಾಂ ಆಸುಪಾಸು. ಅದರಲ್ಲಿ ಈ ಕಳ್ಳಗಾಳಿಯ ಪಾಲು ದೊಡ್ಡದು. 2,500ಕ್ಕೆ ಹೋದಾಗ ಎಂಜಿನ್ ಎಷ್ಟೋ ಪಟ್ಟು ಜಾಸ್ತಿ ಗಾಳಿ ಕುಡಿಯುತ್ತದೆ, ತೂತಿನ ಗಾಳಿ ಹಾಗೇ ಉಳಿಯುತ್ತದೆ. ಪಾಲು ಚಿಕ್ಕದಾಗುತ್ತದೆ, ಟ್ರಿಮ್ ಇಳಿಯುತ್ತದೆ.

ಇದು ಉಲ್ಟಾ ಇದ್ದಿದ್ದರೆ, ಅಂದರೆ ಐಡ್ಲಿಂಗ್‌ನಲ್ಲಿ ಸರಿ, ಜೋರು ಹೋದಾಗ ಪ್ಲಸ್ ಜಾಸ್ತಿ ಅಂದಿದ್ದರೆ, ಪೆಟ್ರೋಲ್ ಪಂಪು, ಫಿಲ್ಟರು, ಕೊಳೆಯಾದ ಎಂಎಎಫ್ ಕಡೆ ನೋಡುತ್ತಿದ್ದೆ.

ಹುಡುಕುವ ಜಾಗ: ಏರ್ ಫಿಲ್ಟರಿಂದ ಥ್ರಾಟಲ್‌ಗೆ ಹೋಗುವ ರಬ್ಬರ್ ಪೈಪಿನ ಮಡಿಕೆಗಳ ಕೆಳಭಾಗ (ಮೇಲಿಂದ ಕಾಣುವುದಿಲ್ಲ, ಕೈ ಹಾಕಿ ಬಗ್ಗಿಸಿ ನೋಡಬೇಕು), ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಬಿಡುವುದು) ಹೋಸ್, ಬ್ರೇಕ್ ಬೂಸ್ಟರ್ ಹೋಸ್, ಇನ್‌ಟೇಕ್ ಗ್ಯಾಸ್ಕೆಟ್. ಪಿಸಿವಿ ಡಯಾಫ್ರಮ್ ಹರಿದಿದ್ದರೆ ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ತೆಗೆಯೋಕೆ ಹೋದಾಗ ಒಳಕ್ಕೆ ಎಳೆದು ಹಿಡಿದ ಹಾಗೆ ಅನಿಸುತ್ತದೆ, ಅದನ್ನೂ ನೋಡಿ.

ಮೂರನೇಗೇರ್ · ಸೋಮವಾರ, ರಾತ್ರಿ 9:50

ಕಾರ್ಬ್ ಕ್ಲೀನರ್ ಸುತ್ತ ಸ್ಪ್ರೇ ಮಾಡಿದರೆ ಎರಡು ನಿಮಿಷದಲ್ಲಿ ಸಿಗುತ್ತದೆ. ಆರ್‌ಪಿಎಂ ಎಲ್ಲಿ ಬದಲಾಗುತ್ತೋ ಅಲ್ಲಿ ಲೀಕು.

ಹಳೇಸ್ಪ್ಯಾನರ್ · ಸೋಮವಾರ, ರಾತ್ರಿ 10:02

ಸಿಗುತ್ತದೆ, ಜೊತೆಗೆ ಬೆಂಕಿಯೂ ಸಿಗಬಹುದು. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಆ ಡಬ್ಬ ಒತ್ತುವುದನ್ನು ನಾನು ಬಿಟ್ಟು ಬಹಳ ವರ್ಷ ಆಯಿತು. ಎಡ ಮುಂಗೈಯಲ್ಲಿ ರೋಮ ಇಲ್ಲದ ಒಂದು ಪಟ್ಟಿ ಇನ್ನೂ ಇದೆ. ಸ್ಮೋಕ್ ಟೆಸ್ಟ್ ಮಾಡಿಸಿ ತಮ್ಮಾ. ಎಂಜಿನ್ ಬಂದ್ ಇಟ್ಟು ಇನ್‌ಟೇಕ್ ಒಳಗೆ ಹೊಗೆ ಬಿಡುತ್ತಾರೆ, ತೂತಿರುವ ಕಡೆ ಹೊಗೆ ಎದ್ದು ಬರುತ್ತದೆ.

ಎಂಎಎಫ್‌ಇಲ್ಲದವ · ಸೋಮವಾರ, ರಾತ್ರಿ 10:40

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಗಾಡಿಗೆ ಎಂಎಎಫ್ ಇಲ್ಲ, ಮ್ಯಾಪ್ ಸೆನ್ಸರ್ ಮಾತ್ರ. ಹೋಸ್ ಒಂದು ಬಾಯಿ ಬಿಟ್ಟುಕೊಂಡಿದೆ, ಕಣ್ಣಿಗೇ ಕಾಣುತ್ತದೆ. ಆದರೂ ಟ್ರಿಮ್ +2. ಐಡ್ಲಿಂಗ್ ಮಾತ್ರ 1,300. ಅಕ್ಕನ ಲೆಕ್ಕ ಇಲ್ಲಿ ತಪ್ಪುತ್ತಾ?

ಸ್ಕ್ಯಾನರ್‌ಅಕ್ಕ · ಸೋಮವಾರ, ರಾತ್ರಿ 10:52

ತಪ್ಪಲ್ಲ, ಒಳ್ಳೆ ಪ್ರಶ್ನೆ. ನಿಮ್ಮದು ಮ್ಯಾನಿಫೋಲ್ಡ್ ಒತ್ತಡ ನೋಡಿ ಗಾಳಿ ಲೆಕ್ಕ ಹಾಕುತ್ತದೆ. ತೂತಿಂದ ಬಂದ ಗಾಳಿಯೂ ಒತ್ತಡ ಏರಿಸುತ್ತದೆ, ಹಾಗಾಗಿ ಅದಕ್ಕೂ ಪೆಟ್ರೋಲ್ ಸಿಗುತ್ತದೆ. ಮಿಶ್ರಣ ಸರಿ, ಪ್ರಮಾಣ ಜಾಸ್ತಿ, ಎಂಜಿನ್ ಓಡಿಬಿಡುತ್ತದೆ. ಮುಂದೆ ಪಿ0507 ಕೋಡ್ ಬಂದರೆ ಆಶ್ಚರ್ಯಪಡಬೇಡಿ, ಐಡ್ಲಿಂಗ್ ಬೇಕಾದ್ದಕ್ಕಿಂತ ಜಾಸ್ತಿ ಅಂತ ಅದರ ಅರ್ಥ. ಹೋಸ್ ಬದಲಿಸಿ.

ಬೂದುಸೆಡಾನ್ · ಗುರುವಾರ, ರಾತ್ರಿ 9:20

ಸ್ಮೋಕ್ ಟೆಸ್ಟ್ ಆಯಿತು. ಲೀಕ್ ಇಲ್ಲವಂತೆ. ಬಾನೆಟ್ ಕೆಳಗೆ ಎಲ್ಲೂ ಹೊಗೆ ಬರಲಿಲ್ಲ, ನಾನೂ ಟಾರ್ಚ್ ಹಿಡಿದು ಪಕ್ಕದಲ್ಲೇ ಇದ್ದೆ. ಮಿಷನ್ ಮೇಲೆ ಗಾಜಿನ ಕೊಳವೆಯಲ್ಲಿ ಒಂದು ಗುಂಡು ಇರುತ್ತದಲ್ಲ, ಅದು ಮಾತ್ರ ಕೆಳಗೆ ಕೂರಲೇ ಇಲ್ಲ. ಕೇಳಿದೆ. "ಮಿಷನ್ ಹಳೇದು ಸರ್" ಅಂದರು. ಮತ್ತೆ ಥ್ರಾಟಲ್ ಬಾಡಿ ಮಾತು ಶುರುವಾಯಿತು.

ಇನ್ನೊಂದು ವಿಚಿತ್ರ. ಬರುವಾಗ ಪೆಟ್ರೋಲ್ ಹಾಕಿಸಿದೆ. ಅಡಾಪ್ಟರ್ ಇನ್ನೂ ಚುಚ್ಚಿಯೇ ಇತ್ತು. ಮನೆಗೆ ಬಂದು ನೋಡಿದರೆ ಐಡ್ಲಿಂಗ್‌ನಲ್ಲಿ ಶಾರ್ಟ್ ಟರ್ಮ್ ಮೈನಸ್ 22! ಅಡಾಪ್ಟರೇ ಕೆಟ್ಟಿತಾ?

ಸ್ಕ್ಯಾನರ್‌ಅಕ್ಕ · ಗುರುವಾರ, ರಾತ್ರಿ 9:26

ಒಂದು ನಿಮಿಷ. ಪೆಟ್ರೋಲ್ ಹಾಕಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗೋಕೆ ಸತಾಯಿಸುತ್ತದಾ?

ಬೂದುಸೆಡಾನ್ · ಗುರುವಾರ, ರಾತ್ರಿ 9:31

ಅಯ್ಯೋ, ಹೌದು! ಆರು ತಿಂಗಳಿಂದ ಇದೆ. ಬಂಕ್‌ನಲ್ಲಿ ಎರಡು ಮೂರು ಸಲ ಸೆಲ್ಫ್ ಹೊಡೆಯಬೇಕು. ಅಲ್ಲಿ ಕೆಲಸ ಮಾಡುವ ಹುಡುಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀರಿ ಅಂದ, ಹಾಗೆ ಮಾಡಿದರೆ ಕೆಮ್ಮುತ್ತಾ ಏಳುತ್ತದೆ. ಬೇರೆ ಕಡೆ ಎಲ್ಲೂ ಸ್ಟಾರ್ಟಿಂಗ್ ಟ್ರಬಲ್ ಇಲ್ಲ. ಅದು ಬೇರೆ ವಿಷಯ ಅಂದುಕೊಂಡು ಬರೆದಿರಲಿಲ್ಲ.

ಹಳೇಸ್ಪ್ಯಾನರ್ · ಗುರುವಾರ, ರಾತ್ರಿ 9:35

"ಬೇರೆ ವಿಷಯ" ಅಂತೆ. ತಮ್ಮಾ, ಇದನ್ನು ಶನಿವಾರವೇ ಹೇಳಿದ್ದರೆ ನಾವೆಲ್ಲ ಸೋಮವಾರ ಬೇಗ ಮಲಗುತ್ತಿದ್ದೆವು. ಅಕ್ಕಾ, ನೀನೇ ಹೇಳು, ನಿನ್ನ ಬೇಟೆ.

ಸ್ಕ್ಯಾನರ್‌ಅಕ್ಕ · ಗುರುವಾರ, ರಾತ್ರಿ 10:04

ಪರ್ಜ್ ವಾಲ್ವ್. ಹೆಚ್ಚುಕಡಿಮೆ ಬರೆದುಕೊಡಬಲ್ಲೆ, ಆದರೆ ಪರೀಕ್ಷೆ ಮಾಡಿಯೇ ಬಿಚ್ಚಿ.

ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿಯನ್ನು ಹೊರಗೆ ಬಿಡದೆ ಒಂದು ಇದ್ದಿಲ ಡಬ್ಬದಲ್ಲಿ ಹಿಡಿದಿಡುತ್ತಾರೆ, ಕ್ಯಾನಿಸ್ಟರ್ ಅನ್ನುತ್ತಾರೆ. ಎಂಜಿನ್ ಓಡುವಾಗ ಕಂಪ್ಯೂಟರ್ ತನಗೆ ಬೇಕಾದಾಗ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಮ್ಯಾನಿಫೋಲ್ಡ್‌ಗೆ ಎಳೆದು ಸುಡುತ್ತದೆ. ಆ ವಾಲ್ವ್ ತೆರೆದೇ ಉಳಿದರೆ? ಮಾಮೂಲಿ ದಿನ ಡಬ್ಬದಲ್ಲಿ ಆವಿ ಕಡಿಮೆ, ಬರೀ ಗಾಳಿ ಬರುತ್ತದೆ, ಟ್ರಿಮ್ ಪ್ಲಸ್. ಪೆಟ್ರೋಲ್ ತುಂಬಿಸಿದಾಗ ಟ್ಯಾಂಕಿನ ಆವಿಯೆಲ್ಲ ತಳ್ಳಿಕೊಂಡು ಡಬ್ಬಕ್ಕೆ, ಅಲ್ಲಿಂದ ನೇರ ಇನ್‌ಟೇಕ್‌ಗೆ. ಸೆಲ್ಫ್ ಹೊಡೆಯುವ ಮೊದಲೇ ಎಂಜಿನ್ ಆವಿಯಲ್ಲಿ ಮುಳುಗಿರುತ್ತದೆ. ಸ್ಟಾರ್ಟ್ ಆಗಲ್ಲ, ಆದಮೇಲೆ ಟ್ರಿಮ್ ಮೈನಸ್. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಂಪ್ಯೂಟರ್ ಇಂಜೆಕ್ಟರ್ ನಿಲ್ಲಿಸಿ ಬರೀ ಗಾಳಿ ಬಿಡುತ್ತದೆ, ಅದಕ್ಕೇ ಆ ಹುಡುಗನ ಉಪಾಯ ಕೆಲಸ ಮಾಡಿದ್ದು. ಅವನಿಗೆ ಗೊತ್ತಿದೆ.

ಹರಿದ ಹೋಸ್ ಯಾವತ್ತೂ ಗಾಳಿಯನ್ನೇ ಕೊಡುತ್ತದೆ, ಪೆಟ್ರೋಲ್ ಕೊಡಲ್ಲ. ಒಂದು ದಿನ ಪ್ಲಸ್ 21, ಇನ್ನೊಂದು ದಿನ ಮೈನಸ್ 22 ಬರಬೇಕಾದರೆ ಎರಡನ್ನೂ ಕೊಡುವ ದಾರಿ ಇರಬೇಕು.

ಹೊಗೆಯ ಗುಟ್ಟೂ ಇದೇ. ಹೊಗೆ ತೆರೆದ ವಾಲ್ವ್ ದಾಟಿ ಹಿಂದುಗಡೆ ಡಬ್ಬಕ್ಕೆ ಹೋಗಿದೆ. ಬಾನೆಟ್ ಕೆಳಗೆ ಕಾಣುವುದೇ ಇಲ್ಲ. ಮಿಷನ್ ಗುಂಡು ಎಲ್ಲೋ ಹರಿಯುತ್ತಿದೆ ಅಂತ ಸತ್ಯವನ್ನೇ ಹೇಳುತ್ತಿತ್ತು.

ಪರೀಕ್ಷೆ: ವಾಲ್ವ್ ಸಾಮಾನ್ಯವಾಗಿ ಇನ್‌ಟೇಕ್ ಮ್ಯಾನಿಫೋಲ್ಡ್ ಹತ್ತಿರ, ಎರಡು ವೈರಿನ ಕನೆಕ್ಟರ್, ಎರಡು ಹೋಸ್. ಐಡ್ಲಿಂಗ್‌ನಲ್ಲಿಟ್ಟು ಕನೆಕ್ಟರ್ ಎಳೆಯಿರಿ. ಕರೆಂಟ್ ಇಲ್ಲದಾಗ ಅದು ಮುಚ್ಚಿರಬೇಕು. ಈಗ ಟ್ಯಾಂಕ್ ಕಡೆಯಿಂದ ಬರುವ ಹೋಸ್ ಬಿಚ್ಚಿ, ವಾಲ್ವಿನ ಬಾಯಿಗೆ ಬೆರಳಿಡಿ. ಎಳೆತ ಇದ್ದರೆ ಕೆಟ್ಟಿದೆ. ಹತ್ತಿರ ಕಿಡಿ, ಬೆಂಕಿ ಇರಬಾರದು. ಬಿಚ್ಚಿದ ಮೇಲೆ ಬಾಯಿಂದ ಎಳೆಯೋಕೆ ಹೋಗಬೇಡಿ, ಪೆಟ್ರೋಲ್ ಆವಿ. ಮಲ್ಟಿಮೀಟರ್ ಹಾಕಿ ಸರಿ ಇದೆ ಅಂತ ಬಿಡಬೇಡಿ. ಒಳಗಿನ ಸುರುಳಿ ಚೆನ್ನಾಗಿದ್ದರೂ ವಾಲ್ವ್ ಸಿಕ್ಕಿಹಾಕಿಕೊಂಡಿರಬಹುದು.

ಬೂದುಸೆಡಾನ್ · ಶುಕ್ರವಾರ, ಬೆಳಿಗ್ಗೆ 7:40

ಅಕ್ಕಾ!! ಕನೆಕ್ಟರ್ ಎಳೆದೆ, ಏನೂ ಬದಲಾಗಲಿಲ್ಲ. ಹೋಸ್ ಬಿಚ್ಚಿದೆ, ಉಸ್ಸ್ ಅಂತ ಶಬ್ದ, ಎಂಜಿನ್ ಇನ್ನೇನು ನಿಂತೇಹೋಯಿತು ಅನ್ನುವಷ್ಟು ಒದರಾಡಿತು. ಬೆರಳಿಟ್ಟೆ. ಬೆರಳ ತುದಿ ಹಿಡಿದು ಎಳೆಯಿತು, ಅದೇ ಕ್ಷಣ ಎಂಜಿನ್ ತಣ್ಣಗಾಯಿತು. ಮುಳ್ಳು 700ರಲ್ಲಿ ಅಂಟಿಸಿಟ್ಟ ಹಾಗೆ ನಿಂತಿತು. ಬೆರಳು ತೆಗೆದರೆ ನಡುಕ, ಇಟ್ಟರೆ ಶಾಂತ. ಹತ್ತು ಸಲ ಮಾಡಿರಬಹುದು, ಮಗಳು ಬಂದು ನನಗೂ ಕೊಡಿ ಅಂತ ಕೇಳಿದಳು.

ಮೂರನೇಗೇರ್ · ಶುಕ್ರವಾರ, ಬೆಳಿಗ್ಗೆ 8:01

ನಾನು ಒಪ್ಪಿದೆ. ಕಾಯಿಲ್ ಅಲ್ಲ.

ಹಳೇಸ್ಪ್ಯಾನರ್ · ಶುಕ್ರವಾರ, ಬೆಳಿಗ್ಗೆ 8:15

ಹೊಸ ವಾಲ್ವ್ ಹಾಕುವ ಮೊದಲು ಹಳೆಯದನ್ನು ಬಿಚ್ಚಿ ಬಿಳಿ ಕಾಗದದ ಮೇಲೆ ತಟ್ಟಿ ನೋಡಿ. ಏನು ಬೀಳುತ್ತದೆ ಹೇಳಿ. ಆಮೇಲೆ, ಪೆಟ್ರೋಲ್ ಹಾಕಿಸುವಾಗ ನಾಜಲ್ ಟಕ್ ಅಂತ ನಿಂತ ಮೇಲೂ "ಇನ್ನು ಸ್ವಲ್ಪ ಹಾಕು" ಅನ್ನುವ ಅಭ್ಯಾಸ ಇದೆಯಾ?

ಬೂದುಸೆಡಾನ್ · ಶುಕ್ರವಾರ, ಸಂಜೆ 6:55

ಕಪ್ಪು ಕಾಳುಗಳು. ಸಾಸಿವೆಗಿಂತ ಚಿಕ್ಕವು, ಒಂದು ಹತ್ತು ಹದಿನೈದು ಬಿದ್ದವು. ಬೆರಳಲ್ಲಿ ಒರೆಸಿದರೆ ಮಸಿ.

ಎರಡನೇ ಪ್ರಶ್ನೆಗೆ ಉತ್ತರ: ಇದೆ ಅಣ್ಣಾ. ಪ್ರತಿ ಸಲ. ನಿಮಗೆ ಹೇಗೆ ಗೊತ್ತಾಯಿತು?

ಹಳೇಸ್ಪ್ಯಾನರ್ · ಶುಕ್ರವಾರ, ಸಂಜೆ 7:20

ಆ ಡಬ್ಬ ಇರುವುದು ಆವಿಗೆ, ದ್ರವಕ್ಕಲ್ಲ. ಕುತ್ತಿಗೆವರೆಗೆ ತುಂಬಿಸಿದರೆ ಪೆಟ್ರೋಲೇ ಒಳಗೆ ಹೋಗಬಹುದು, ಇದ್ದಿಲು ಹಾಳಾಗುತ್ತದೆ. ಡಬ್ಬದೊಳಗಿನ ಜಾಲರಿ ಒಡೆದರೆ ಕಾಳು ಪೈಪ್ ಹಿಡಿದು ಮುಂದೆ ಬಂದು ವಾಲ್ವಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಬರೀ ವಾಲ್ವ್ ಬದಲಿಸಿದರೆ ಇನ್ನೊಂದು ಕಾಳು ಬಂದು ಹೊಸದನ್ನೂ ಕೂರಿಸುತ್ತದೆ. ಕ್ಯಾನಿಸ್ಟರ್ ಬಿಚ್ಚಿಸಿ ಅಲ್ಲಾಡಿಸಿ ನೋಡಿ, ಗಲಗಲ ಅಂದರೆ ಅದನ್ನೂ ಬದಲಿಸಿ. ಮಧ್ಯದ ಪೈಪನ್ನು ಎರಡೂ ಕಡೆ ಬಿಚ್ಚಿ, ಮುಂದಿನಿಂದ ಹಿಂದಕ್ಕೆ ಕಂಪ್ರೆಸರ್ ಗಾಳಿ ಊದಿಸಿ. ಡಬ್ಬಕ್ಕೆ ಸೇರಿಸಿಕೊಂಡು ಊದಿಸಬೇಡಿ.

ನೇರಚುಚ್ಚು · ಶುಕ್ರವಾರ, ರಾತ್ರಿ 9:00

ನನ್ನದು ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್. ಬೆಳಿಗ್ಗೆ ತಣ್ಣಗಿದ್ದಾಗ ಮೊದಲ ಒಂದೆರಡು ನಿಮಿಷ ಮಾತ್ರ ಮಿಸ್ ಹೊಡೆಯುತ್ತದೆ, ಬಿಸಿ ಆದರೆ ಸರಿ. ಟ್ಯಾಂಕಿಗೆ ಹಾಕುವ ಕ್ಲೀನರ್ ಮೂರು ಬಾಟಲಿ ಹಾಕಿದೆ, ಏನೂ ಆಗಲಿಲ್ಲ. ಇದೂ ಪರ್ಜ್ ವಾಲ್ವಾ?

ಸ್ಕ್ಯಾನರ್‌ಅಕ್ಕ · ಶುಕ್ರವಾರ, ರಾತ್ರಿ 9:22

ಲಕ್ಷಣ ಬೇರೆ. ನಿಮ್ಮ ಎಂಜಿನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಬೀಳುತ್ತದೆ, ಇನ್‌ಟೇಕ್ ವಾಲ್ವ್ ಬೆನ್ನನ್ನು ಮುಟ್ಟುವುದೇ ಇಲ್ಲ. ಅಲ್ಲಿ ಕಟ್ಟಿದ ಮಸಿಯನ್ನು ಬಾಟಲಿ ಹೇಗೆ ತೊಳೆಯಬೇಕು ಹೇಳಿ? ಸಣ್ಣ ಕ್ಯಾಮೆರಾ ಇಳಿಸಿ ನೋಡಿಸಿ. ಮಸಿ ದಪ್ಪ ಇದ್ದರೆ ಅಕ್ರೋಟಿನ ಚಿಪ್ಪಿನ ಪುಡಿ ಊದಿ ಕೆರೆಯುವ ವಿಧಾನ ಇದೆ. ಮಸಿ ಇಲ್ಲದಿದ್ದರೆ ಇಂಜೆಕ್ಟರ್ ಸೋರಿಕೆ ನೋಡಬೇಕು. ಫೋಟೋ ಸಿಕ್ಕಿದರೆ ಹಾಕಿ.

ಬೂದುಸೆಡಾನ್ · ಮುಂದಿನ ಬುಧವಾರ, ರಾತ್ರಿ 8:30

ಕ್ಯಾನಿಸ್ಟರ್ ಗಲಗಲ ಅಂದಿತು. ಅದೂ ಬದಲಾಯಿತು, ವಾಲ್ವೂ ಬದಲಾಯಿತು, ಪೈಪ್ ಊದಿಸಿದಾಗ ಇನ್ನೊಂದಿಷ್ಟು ಕಾಳು ಬಂತು. ಈಗ ಐಡ್ಲಿಂಗ್ 710, ಶಾರ್ಟ್ ಟರ್ಮ್ ಸೊನ್ನೆಯ ಅಕ್ಕಪಕ್ಕ. ಲಾಂಗ್ ಟರ್ಮ್ ಮೊದಲ ದಿನ +9 ಇತ್ತು, ಗಾಬರಿಯಾಯಿತು. ಐದು ದಿನ ಓಡಿಸಿದ ಮೇಲೆ ಇವತ್ತು +2. ಬ್ಯಾಟರಿ ಮುಟ್ಟಲಿಲ್ಲ ಅಕ್ಕಾ, ಆಣೆ.

ಇವತ್ತು ಪೆಟ್ರೋಲ್ ಹಾಕಿಸಿದೆ. ನಾಜಲ್ ಟಕ್ ಅಂದ ತಕ್ಷಣ ಸಾಕು ಅಂದೆ. ಒಂದೇ ಸೆಲ್ಫಿಗೆ ಎದ್ದಿತು. ಆ ಹುಡುಗ ಆಕ್ಸಿಲರೇಟರ್ ಒತ್ತೋಕೆ ಹೇಳಲು ಕಿಟಕಿ ಹತ್ತಿರ ಬಂದಿದ್ದ, ಹಾಗೇ ನಗುತ್ತಾ ವಾಪಸ್ ಹೋದ.

ಡೀಸೆಲ್‌ಡಬ್ಬ · ಗುರುವಾರ, ಬೆಳಿಗ್ಗೆ 6:48

ನನ್ನ ಡೀಸೆಲ್ ಗಾಡಿಯೂ ಐಡ್ಲಿಂಗ್‌ನಲ್ಲಿ ನಡುಗುತ್ತದೆ. ಪರ್ಜ್ ವಾಲ್ವ್ ಎಲ್ಲಿದೆ ಅಂತ ರಾತ್ರಿಯಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ.

ಹಳೇಸ್ಪ್ಯಾನರ್ · ಗುರುವಾರ, ಬೆಳಿಗ್ಗೆ 7:05

ಸಿಗಲ್ಲ ಮಾರಾಯ, ಡೀಸೆಲ್‌ಗೆ ಅದು ಇಲ್ಲ. ಹುಡುಕೋದು ನಿಲ್ಲಿಸಿ ಹೊಸ ಚರ್ಚೆ ತೆಗಿ. ಸ್ಕ್ಯಾನರಿನಲ್ಲಿ ನಾಲ್ಕು ಇಂಜೆಕ್ಟರಿನ ಕರೆಕ್ಷನ್ ಅಂಕಿ ನೋಡಿ ಹಾಕು, ಸುಟ್ಟ ಹೊಗೆಯನ್ನು ಸ್ವಲ್ಪ ವಾಪಸ್ ಎಂಜಿನ್‌ಗೆ ಬಿಡುವ ಇಜಿಆರ್ ಯಾವಾಗ ಕ್ಲೀನ್ ಮಾಡಿಸಿದ್ದು ಹೇಳು. "ಬೇರೆ ವಿಷಯ" ಅಂತ ಏನಾದರೂ ಇದ್ದರೆ ಅದನ್ನೂ ಬರಿ.